ತಳಿಯ ಹೆಸರು ಮತ್ತು ಬೆಲೆ: ದೇಸಿ ತಳಿಗಳ ಮಾರುಕಟ್ಟೆ ಹಾಗೂ ಸಣ್ಣ ರೈತರ ಬದುಕು

1. ಪೀಠಿಕೆ

ಕನ್ನಡ ಅಧ್ಯಯನದಲ್ಲಿ ಬೀಜವನ್ನು ಕುರಿತ ಚಿಂತನೆ ಬಹುಮಟ್ಟಿಗೆ ಜಾನಪದದ ವ್ಯಾಪ್ತಿಯಲ್ಲಿ ನಡೆದಿದೆ. ಬಿತ್ತನೆಯ ಹಾಡು, ಕಣದ ಪೂಜೆ, ಸುಗ್ಗಿಯ ಆಚರಣೆ ಇವು ನಮ್ಮ ಸಂಗ್ರಹಗಳಲ್ಲಿ ಸ್ಥಾನ ಪಡೆದಿವೆ. ಆದರೆ ಬೀಜದ ತಳಿಯನ್ನು ಕೃಷಿವಿಜ್ಞಾನಕ್ಕೂ ಅದರ ಮಾರಾಟವನ್ನು ಅರ್ಥಶಾಸ್ತ್ರಕ್ಕೂ ಬಿಟ್ಟುಕೊಟ್ಟು ನಾವು ದೂರ ಉಳಿದಿದ್ದೇವೆ. ಈ ಎರಡರ ನಡುವೆ ಭಾಷೆಗೆ ಸೇರಿದ ಒಂದು ಸಂಗತಿ ಇದೆ. ಅದು ತಳಿಯ ಹೆಸರು. ನಗರದ ಅಂಗಡಿಯಲ್ಲಿ ರಾಜಮುಡಿ ಅಕ್ಕಿಯನ್ನೋ ಮಟ್ಟುಗುಳ್ಳವನ್ನೋ ಕೇಳಿ ಪಡೆಯುವ ಗ್ರಾಹಕ ಪದಾರ್ಥದೊಂದಿಗೆ ಆ ಹೆಸರಿಗೂ ಬೆಲೆ ಕೊಡುತ್ತಾನೆ. ಹೆಸರಿಲ್ಲದಿದ್ದರೆ ಅದು ಕೇವಲ ಅಕ್ಕಿ, ಕೇವಲ ಬದನೆ.

ದೇಸಿ ತಳಿಗಳಿಗೆ ಮಾರುಕಟ್ಟೆ ದೊರೆತರೆ ಸಣ್ಣ ರೈತನ ಬದುಕು ಹಸನಾಗುತ್ತದೆ ಎಂಬ ಮಾತು ಕಳೆದ ಎರಡು ದಶಕಗಳಲ್ಲಿ ವ್ಯಾಪಕವಾಗಿ ಕೇಳಿಬರುತ್ತಿದೆ. ಬೀಜಮೇಳಗಳು, ಸಾವಯವ ಸಂತೆಗಳು, ರೈತರ ಉತ್ಪಾದಕ ಕಂಪನಿಗಳು ಈ ನಂಬಿಕೆಯ ಮೇಲೆ ರೂಪುಗೊಂಡಿವೆ. ಮಾತು ಸುಳ್ಳಲ್ಲ; ಆದರೆ ಅದು ಪೂರ್ತಿಯೂ ಅಲ್ಲ. ತಳಿಯ ಹೆಸರು ರೈತನ ಹೊಲದಿಂದ ಗ್ರಾಹಕನ ಅಡುಗೆಮನೆಯವರೆಗೆ ಅಳಿಯದೆ ಸಾಗಿದಾಗ ಮಾತ್ರ ಹೆಚ್ಚಿನ ಬೆಲೆ ರೈತನಿಗೆ ಹಿಂದಿರುಗುತ್ತದೆ. ಹೆಸರು ದಾರಿಯಲ್ಲಿ ಎಲ್ಲಿ ಅಳಿಯುತ್ತದೆಯೋ ಅಲ್ಲಿಂದ ಮುಂದಿನ ಲಾಭ ಬೇರೆಯವರ ಪಾಲಾಗುತ್ತದೆ. ಅಲ್ಲದೆ, ಮಾರುಕಟ್ಟೆ ಎಂದಿಗೂ ಬೆಲೆ ಕಟ್ಟಲಾರದ ಕೆಲವು ಹೆಸರುಗಳೂ ಇವೆ. ಈ ಎರಡು ಅಂಶಗಳನ್ನು ಕರ್ನಾಟಕದ ಕೆಲವು ಬೆಳೆಗಳ ನಿದರ್ಶನದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಪ್ರದೇಶದ ರೈತರು ತಲೆಮಾರುಗಳಿಂದ ಆಯ್ದು, ಬಿತ್ತಿ, ಉಳಿಸಿಕೊಂಡು ಬಂದ ತಳಿಯನ್ನು ಇಲ್ಲಿ ದೇಸಿ ತಳಿ ಎಂದು ಕರೆಯಲಾಗಿದೆ. ಸಣ್ಣ ರೈತ ಎಂಬ ಪದವನ್ನು 2 ಹೆಕ್ಟೇರಿಗಿಂತ ಕಡಿಮೆ ಹಿಡುವಳಿ ಉಳ್ಳವನು ಎಂಬ ಆಡಳಿತಾತ್ಮಕ ಅರ್ಥದಲ್ಲಿಯೇ ಬಳಸಲಾಗಿದೆ.

2. ಹೆಸರುಗಳ ರಚನೆ

ದೇಸಿ ತಳಿಗಳ ಹೆಸರುಗಳು ಮನಬಂದಂತೆ ಇಟ್ಟವಲ್ಲ. ಪ್ರತಿ ಹೆಸರಿನ ಹಿಂದೆ ತಳಿಯನ್ನು ಮತ್ತೊಂದರಿಂದ ಬೇರ್ಪಡಿಸಿ ಗುರುತಿಸುವ ಅಗತ್ಯವಿದೆ. ಜೀರಿಗೆಸಣ್ಣ ಎಂಬ ಭತ್ತದ ಹೆಸರು ಕಾಳಿನ ಗಾತ್ರವನ್ನು ಅಡುಗೆಮನೆಯ ಮತ್ತೊಂದು ವಸ್ತುವಿಗೆ ಹೋಲಿಸಿ ಹೇಳುತ್ತದೆ. ಗಂಧಸಾಲೆಯಲ್ಲಿ ಪರಿಮಳದ ಸೂಚನೆಯೊಂದಿಗೆ ಸಂಸ್ಕೃತದ ಶಾಲಿ ಎಂಬ ಪದ ತದ್ಭವವಾಗಿ ಉಳಿದುಕೊಂಡಿದೆ. ದೊಡ್ಡಭೈರನೆಲ್ಲು ಎಂಬಲ್ಲಿ ಭತ್ತಕ್ಕಿರುವ ಹಳೆಯ ದ್ರಾವಿಡ ಪದ ನೆಲ್ಲು ಜೀವಂತವಾಗಿದೆ. ಅಂಬೆಮೋಹರ ಮಾವಿನ ಹೂವಿನ ಕಂಪನ್ನು ಮರಾಠಿಯ ಮೂಲಕ ನಮ್ಮ ಗದ್ದೆಗಳಿಗೆ ತಂದ ಹೆಸರು. ರಾಗಿಯಲ್ಲಿ ಗಿಡ್ಡರಾಗಿ ಗಿಡದ ಎತ್ತರವನ್ನೂ, ಉಂಡೆರಾಗಿ ತೆನೆಯ ಆಕಾರವನ್ನೂ, ಜಗಳೂರು ರಾಗಿ ಊರನ್ನೂ ಸೂಚಿಸುತ್ತವೆ. ಬ್ಯಾಡಗಿ ಮೆಣಸಿನಕಾಯಿಯೊಳಗೇ ಗಿಡ್ಡಾಗಿ ಉಬ್ಬಿರುವ ಡಬ್ಬಿ, ಉದ್ದವಾಗಿ ತೆಳ್ಳಗಿರುವ ಕಡ್ಡಿ ಎಂಬ ಎರಡು ಬಗೆಗಳನ್ನು ಬೆಳೆಗಾರರು ಗುರುತಿಸುತ್ತಾರೆ.

ಮತ್ತೊಂದು ವರ್ಗದ ಹೆಸರುಗಳಿವೆ. ಸಾಗರ, ಸೊರಬ ಭಾಗದ ನೆರೆಗುಳಿ, ಏಡಿಕುಣಿಯಂಥ ಭತ್ತಗಳು ನೆರೆನೀರಿನಲ್ಲಿ ಕೆಲವು ದಿನ ಮುಳುಗಿದ್ದರೂ ಕೊಳೆಯದೆ ಮತ್ತೆ ಚಿಗುರುವಂಥವು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಉಪ್ಪುನೀರನ್ನು ತಾಳಿಕೊಳ್ಳುವ ಭತ್ತ. ಇಂಥ ಹೆಸರುಗಳನ್ನು ಕೇಳಿದೊಡನೆ ಆ ಭಾಗದ ರೈತನಿಗೆ ಯಾವ ಗದ್ದೆಗೆ, ಯಾವ ಮಳೆಗೆ ಆ ಬೀಜ ಒದಗುತ್ತದೆ ಎಂಬುದು ತಿಳಿಯುತ್ತದೆ.

ಹೀಗಾಗಿ ತಳಿಯ ಹೆಸರುಗಳನ್ನು ಅರ್ಥದ ದೃಷ್ಟಿಯಿಂದ ಎರಡು ಗುಂಪಾಗಿ ವಿಂಗಡಿಸಬಹುದು. ಉಣ್ಣುವವನಿಗೆ ಬೇಕಾದ ಗುಣವನ್ನು, ಅಂದರೆ ಪರಿಮಳ, ರುಚಿ, ಬಣ್ಣ, ನಯ ಇವುಗಳನ್ನು ನೆನಪಿಗೆ ತರುವ ಹೆಸರುಗಳು ಮೊದಲನೆಯವು. ಬೆಳೆಯುವವನಿಗೆ ಬೇಕಾದ ಗುಣವನ್ನು, ಅಂದರೆ ಬರ, ನೆರೆ, ಉಪ್ಪು, ಅವಧಿ ಇವುಗಳಿಗೆ ಸಂಬಂಧಿಸಿದ ಹೆಸರುಗಳು ಎರಡನೆಯವು. ಈ ವಿಂಗಡಣೆ ಮುಂದಿನ ಚರ್ಚೆಗೆ ಮುಖ್ಯವಾಗಿದೆ. ಏಕೆಂದರೆ ಮಾರುಕಟ್ಟೆ ಮೊದಲನೆಯ ಗುಂಪಿನ ಭಾಷೆಯನ್ನು ಬಲ್ಲದು. ಎರಡನೆಯದರ ಭಾಷೆ ಅದಕ್ಕೆ ತಿಳಿಯದು.

3. ಖರೀದಿ ಕೇಂದ್ರದ ಎರಡು ಹೆಸರುಗಳು

ಭತ್ತಕ್ಕೆ ಕೇಂದ್ರ ಸರ್ಕಾರ ಪ್ರತಿವರ್ಷ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತದೆ. ಈ ವ್ಯವಸ್ಥೆಯಲ್ಲಿ ಭತ್ತಕ್ಕೆ ಇರುವುದು ಎರಡೇ ಹೆಸರು: ಸಾಮಾನ್ಯ ಮತ್ತು ‘ಎ’ ದರ್ಜೆ. ಕಾಳಿನ ಉದ್ದಕ್ಕೂ ಅಗಲಕ್ಕೂ ಇರುವ ಪ್ರಮಾಣ 2.5 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ‘ಎ’ ದರ್ಜೆ, ಕಡಿಮೆಯಿದ್ದರೆ ಸಾಮಾನ್ಯ. 2025-26ನೆಯ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ, ‘ಎ’ ದರ್ಜೆಗೆ 2,389 ರೂಪಾಯಿ ನಿಗದಿಯಾಯಿತು. ನೂರಾರು ಹೆಸರುಗಳ ಭತ್ತದ ಜಗತ್ತು ಇಲ್ಲಿ 20 ರೂಪಾಯಿ ಅಂತರದ ಎರಡು ಪದಗಳಿಗೆ ಇಳಿಯುತ್ತದೆ. ಇದು ಯಾರದೋ ದುರುದ್ದೇಶದ ಫಲವಲ್ಲ. ದೇಶದ ಉದ್ದಗಲಕ್ಕೂ ಅಪಾರ ಪ್ರಮಾಣದ ಭತ್ತವನ್ನು ಕೊಂಡು ದಾಸ್ತಾನು ಮಾಡುವ ವ್ಯವಸ್ಥೆಗೆ ಅಳೆಯಬಹುದಾದ ಒಂದು ಸರಳ ಮಾನದಂಡ ಬೇಕು. ಆದರೆ ಅದರ ಪರಿಣಾಮವಾಗಿ ದೇಸಿ ತಳಿ ಬೆಳೆಯುವವನಿಗೆ ತನ್ನ ಭತ್ತದ ಹೆಸರಿನಿಂದ ಖರೀದಿ ಕೇಂದ್ರದಲ್ಲಿ ಯಾವ ಪ್ರಯೋಜನವೂ ಇಲ್ಲ.

ಇದರ ಅರ್ಥವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಎಕರೆಯಲ್ಲಿ ಅಧಿಕ ಇಳುವರಿಯ ಭತ್ತ 22 ಕ್ವಿಂಟಾಲ್ ಬರುತ್ತದೆ, ದೇಸಿ ಭತ್ತ 12 ಕ್ವಿಂಟಾಲ್ ಬರುತ್ತದೆ ಎಂದು ಇಟ್ಟುಕೊಳ್ಳೋಣ. ಮೊದಲನೆಯದು ಸಾಮಾನ್ಯ ದರ್ಜೆಯ ಬೆಂಬಲ ಬೆಲೆಯಲ್ಲಿ 52,118 ರೂಪಾಯಿ ತರುತ್ತದೆ. ಅಷ್ಟೇ ಹಣ ದೇಸಿ ಭತ್ತದಿಂದ ಬರಬೇಕಾದರೆ ಕ್ವಿಂಟಾಲಿಗೆ ಸುಮಾರು 4,343 ರೂಪಾಯಿ ಸಿಗಬೇಕು. ಸರ್ಕಾರಿ ಖರೀದಿಯ ಮಾನದಂಡದಂತೆ ಒಂದು ಕ್ವಿಂಟಾಲ್ ಭತ್ತಕ್ಕೆ 67 ಕಿಲೊ ಬೆಳ್ತಿಗೆ ಅಕ್ಕಿ ಎಂದು ಹಿಡಿದರೆ ಅಕ್ಕಿಯ ಅಸಲೇ ಕಿಲೊ ಒಂದಕ್ಕೆ 65 ರೂಪಾಯಿಯ ಹತ್ತಿರ ಬರುತ್ತದೆ. ಗಿರಣಿಯ ಕೂಲಿ, ನುಚ್ಚಿನ ನಷ್ಟ, ಚೀಲ, ಸಾಗಾಣಿಕೆ, ಅಂಗಡಿಯವನ ಪಾಲು ಇವೆಲ್ಲ ಇದರ ಮೇಲೆ ಸೇರಬೇಕು. ದೇಸಿ ತಳಿಗೆ ಗೊಬ್ಬರ, ಔಷಧಿಗಳ ಖರ್ಚು ಕಡಿಮೆ ಎಂಬುದೂ ಎತ್ತರದ ತಳಿಗಳಿಂದ ಹೆಚ್ಚು ಹುಲ್ಲು ಸಿಗುತ್ತದೆ ಎಂಬುದೂ ನಿಜ. ಆ ಲಾಭಗಳು ಈ ಅಂತರವನ್ನು ಕಿರಿದುಗೊಳಿಸುತ್ತವೆ. ಅನೇಕ ಕಡೆ ಅಳಿಸಲಾರವು. ಉಳಿದ ಅಂತರವನ್ನು ತುಂಬಬೇಕಾದದ್ದು ಗ್ರಾಹಕ ಹೆಚ್ಚುವರಿಯಾಗಿ ಕೊಡುವ ಹಣ. ಆ ಹೆಚ್ಚುವರಿಯನ್ನು ಆತ ಕೊಡುವುದು ಹೆಸರನ್ನು ನಂಬಿ. ಆದ್ದರಿಂದ ಹೆಸರಿನ ವಿಶ್ವಾಸಾರ್ಹತೆ ಸಣ್ಣ ರೈತನ ಪಾಲಿಗೆ ಹೊಟ್ಟೆಪಾಡಿನ ಪ್ರಶ್ನೆ.

4. ಹೆಸರು ಅಳಿಯುವ ಸ್ಥಳಗಳು

ಹೊಲದಿಂದ ಅಂಗಡಿಯವರೆಗಿನ ದಾರಿಯಲ್ಲಿ ಹೆಸರು ಅಳಿಯುವ ಮೊದಲ ಸ್ಥಳ ಗಿರಣಿ. ದೊಡ್ಡ ಗಿರಣಿಯ ಯಂತ್ರಗಳು ಒಮ್ಮೆಗೆ ಹೆಚ್ಚಿನ ಪ್ರಮಾಣದ ಭತ್ತ ಬೇಡುತ್ತವೆ. ಅರ್ಧ ಎಕರೆಯಲ್ಲಿ ಬೆಳೆದ ನಾಲ್ಕು ಚೀಲ ಗಂಧಸಾಲೆಗಾಗಿ ಯಂತ್ರವನ್ನು ಖಾಲಿ ಮಾಡಿ ನಡೆಸುವುದು ಗಿರಣಿಯವನಿಗೆ ಗಿಟ್ಟುವುದಿಲ್ಲ. ಆಗ ರೈತನ ಮುಂದೆ ಎರಡೇ ದಾರಿ: ಬೇರೆ ಭತ್ತದೊಂದಿಗೆ ಬೆರೆಸುವುದು, ಇಲ್ಲವೆ ಭತ್ತವನ್ನೇ ಮಧ್ಯವರ್ತಿಗೆ ಮಾರಿಬಿಡುವುದು. ಎರಡರಲ್ಲಿಯೂ ಹೆಸರು ಅವನ ಕೈ ಬಿಡುತ್ತದೆ. ಅಷ್ಟೇ ಅಲ್ಲದೆ, ಹೊಳಪು ಕೊಡುವ ಗಿರಣಿಯಲ್ಲಿ ಕೆಂಪಕ್ಕಿಯ ತೌಡು ಹೋದರೆ ಅದರ ಬಣ್ಣವೂ ಹೋಗುತ್ತದೆ. ಯಾವ ಗುರುತಿನ ಮೇಲೆ ಬೆಲೆ ನಿಂತಿತ್ತೋ ಆ ಗುರುತೇ ಇಲ್ಲವಾಗುತ್ತದೆ.

ಎರಡನೆಯ ಸ್ಥಳ ಚೀಲದ ಮೇಲಿನ ಚೀಟಿ. ಸಾವಯವ ಎಂಬ ಪ್ರಮಾಣಪತ್ರ ಬೆಳೆದ ವಿಧಾನವನ್ನು ಕುರಿತದ್ದೇ ಹೊರತು ಬೆಳೆದ ತಳಿಯನ್ನು ಕುರಿತದ್ದಲ್ಲ. ಅಧಿಕ ಇಳುವರಿಯ ತಳಿಯನ್ನೂ ಸಾವಯವವಾಗಿ ಬೆಳೆಯಬಹುದು. ಕೆಂಪಕ್ಕಿ, ದೇಸಿ ಅಕ್ಕಿ, ನಾಟಿ ತರಕಾರಿ ಎಂಬ ಸಾಮಾನ್ಯ ಹೆಸರುಗಳಲ್ಲಿಯೂ ಇದೇ ತೊಡಕಿದೆ. ಅವು ಹಲವು ತಳಿಗಳನ್ನು ಒಂದೇ ಚೀಲಕ್ಕೆ ಸುರಿಯುತ್ತವೆ. ಗ್ರಾಹಕನಿಗೆ ಇದರಿಂದ ಆಗುವ ನಷ್ಟ ಕಡಿಮೆ. ಆದರೆ ತನ್ನ ತಳಿಯನ್ನು ಶುದ್ಧವಾಗಿ ಉಳಿಸಿಕೊಂಡವನಿಗೂ ಬೆರಕೆ ಮಾಡಿದವನಿಗೂ ಒಂದೇ ಬೆಲೆ ಸಿಗುತ್ತದೆ. ಕಾಲಕ್ರಮೇಣ ಶುದ್ಧವಾಗಿ ಉಳಿಸುವವನು ಆ ಶ್ರಮವನ್ನು ಕೈಬಿಡುತ್ತಾನೆ.

ಸಾಮೂಹಿಕ ಹೆಸರಿನ ಲಾಭ ನಷ್ಟಗಳೆರಡನ್ನೂ ಒಟ್ಟಿಗೆ ತೋರಿಸುವ ನಿದರ್ಶನ ಸಿರಿಧಾನ್ಯ ಎಂಬ ಪದ. ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಇವನ್ನು ಹಿಂದೆ ಕಿರುಧಾನ್ಯ, ತೃಣಧಾನ್ಯ ಎಂದು ಕರೆಯಲಾಗುತ್ತಿತ್ತು. ಕಿರು, ತೃಣ ಎಂಬ ಪದಗಳಲ್ಲಿಯೇ ಬಡತನದ, ಕೀಳಂದಾಜಿನ ಧ್ವನಿಯಿತ್ತು. ಸಿರಿ ಎಂಬ ಪದ ಅದನ್ನು ತಿರುವಿ ಹಾಕಿತು. 2018ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಾವಯವ ಮತ್ತು ಸಿರಿಧಾನ್ಯ ಮೇಳ, 2019-20ರಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ನೀಡಿದ ರಾಜ್ಯ ಸರ್ಕಾರದ ‘ರೈತ ಸಿರಿ’ ಯೋಜನೆ, 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಇವೆಲ್ಲ ಆ ಹೊಸ ಹೆಸರಿನ ನೆರಳಿನಲ್ಲಿ ನಡೆದವು.

ಹೆಸರು ಬದಲಾದಾಗ ಧಾನ್ಯದ ಸ್ಥಾನ ಬದಲಾಗುವುದು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. 16ನೆಯ ಶತಮಾನದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲೆಗ ಮತ್ತು ವ್ರೀಹಿಯ ನಡುವೆ ಶ್ರೇಷ್ಠತೆಯ ವಾದ ಏರ್ಪಡುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಕೆಡದೆ ಉಳಿದ ನರೆದಲೆಗಕ್ಕೆ ರಾಮನು ತನ್ನ ಹೆಸರನ್ನೇ ನೀಡುತ್ತಾನೆ. ಈ ಕಾವ್ಯವನ್ನು ಜಾತಿಶ್ರೇಣಿಯ ವಿಮರ್ಶೆಯಾಗಿ ಓದುವ ಪರಂಪರೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಾದದ್ದೂ ಹೌದು. ನಮ್ಮ ಚರ್ಚೆಗೆ ಸಂಬಂಧಿಸಿದಂತೆ ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಹೆಸರು ದೊರೆಯುವುದು ಪರೀಕ್ಷೆಯ ನಂತರ. ಧಾನ್ಯದ ನಿಜವಾದ ಗುಣವೊಂದು, ಅಂದರೆ ಬಹುಕಾಲ ಕೆಡದಿರುವ ಗುಣ, ಸಾಬೀತಾದ ಮೇಲೆ.

ಸಿರಿಧಾನ್ಯದ ವಿಷಯದಲ್ಲಿ ಹೆಸರು ಮೊದಲು ಬಂತು, ಗುಣದ ಕಾವಲು ಹಿಂದೆ ಉಳಿಯಿತು. ರಾಗಿಯನ್ನು ಹೊಟ್ಟು ಬಿಡಿಸದೆಯೇ ಬೀಸಬಹುದು. ಸಾಮೆ, ನವಣೆ, ಹಾರಕಗಳಿಗೆ ಗಟ್ಟಿಯಾದ ಹೊಟ್ಟು ಇರುವುದರಿಂದ ಅವನ್ನು ಅಕ್ಕಿ ಮಾಡಲು ಪ್ರತ್ಯೇಕ ಯಂತ್ರ ಬೇಕು. ಒನಕೆಯ ದುಡಿಮೆ ನಿಂತ ಊರುಗಳಲ್ಲಿ ಅಂಥ ಯಂತ್ರವಿಲ್ಲದ ಕಾರಣ ಬೆಳೆಗಾರ ಹೊಟ್ಟು ಸಹಿತ ಕಾಳನ್ನೇ ಮಾರುತ್ತಾನೆ. ಅಕ್ಕಿಯಾದ ಮೇಲೆ ಏರುವ ಬೆಲೆ ಸಂಸ್ಕರಣೆ ಮಾಡುವವನಿಗೆ ಸೇರುತ್ತದೆ. ನಗರದಲ್ಲಿ ಮಾರುವ ಪೊಟ್ಟಣದ ಮೇಲೆ ಸಾಮೆ ಎಂದಿರುತ್ತದೆಯೇ ಹೊರತು ಯಾವ ಊರಿನ, ಯಾವ ತಳಿಯ ಸಾಮೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಸಾಮೂಹಿಕ ಹೆಸರು ಬೆಳೆಯನ್ನು ಮೇಲೆತ್ತಿತು, ಬೆಳೆದವನನ್ನು ಅಷ್ಟಾಗಿ ಮೇಲೆತ್ತಲಿಲ್ಲ.

5. ಊರಿನ ಹೆಸರು ಮತ್ತು ಕಾನೂನಿನ ಕಾವಲು

ಹೆಸರನ್ನು ಕಾಯುವ ಒಂದು ಕಾನೂನು ಸಾಧನ ಭೌಗೋಳಿಕ ಸೂಚಕ, ಜನಬಳಕೆಯ ಮಾತಿನಲ್ಲಿ ಜಿ.ಐ. ಮಾನ್ಯತೆ. ಇದಕ್ಕೆ ಸಂಬಂಧಿಸಿದ ಕಾಯ್ದೆ 1999ರಲ್ಲಿ ರೂಪುಗೊಂಡು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ಒಂದು ಪ್ರದೇಶದ ಮಣ್ಣು, ಹವೆ, ಜನರ ಕೌಶಲ ಇವುಗಳಿಂದ ವಿಶಿಷ್ಟ ಗುಣ ಪಡೆದ ವಸ್ತುವಿನ ಹೆಸರನ್ನು ಹೊರಗಿನವರು ಬಳಸದಂತೆ ಅದು ತಡೆಯುತ್ತದೆ. ಹಕ್ಕು ವ್ಯಕ್ತಿಗಲ್ಲ, ಆ ಪ್ರದೇಶದ ಉತ್ಪಾದಕ ಸಮುದಾಯಕ್ಕೆ ಸೇರಿದ್ದು. ಕರ್ನಾಟಕದಲ್ಲಿ ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆ, ದೇವನಹಳ್ಳಿ ಚಕ್ಕೋತ, ಅಪ್ಪೆಮಿಡಿ, ಬ್ಯಾಡಗಿ ಮೆಣಸಿನಕಾಯಿ ಮೊದಲಾದವು ಈ ಮಾನ್ಯತೆ ಪಡೆದಿವೆ. ಅಂಕೋಲಾ ಭಾಗದ ಕರಿ ಇಶಾಡ ಮಾವಿಗೆ 2023ರಲ್ಲಿ ಮಾನ್ಯತೆ ದೊರೆಯಿತು.

ಇವುಗಳಲ್ಲಿ ಉಡುಪಿಯ ಮಟ್ಟುಗುಳ್ಳ ವಿಶೇಷ ಗಮನಕ್ಕೆ ಅರ್ಹವಾಗಿದೆ. ದುಂಡಗೆ, ತಿಳಿಹಸಿರು ಬಣ್ಣದ, ತೆಳು ಸಿಪ್ಪೆಯ ಈ ಬದನೆ ಮಟ್ಟು ಎಂಬ ಕರಾವಳಿ ಗ್ರಾಮದ ಹೆಸರನ್ನು ಹೊತ್ತಿದೆ. ಸೋದೆ ಮಠದ ವಾದಿರಾಜರು ಇದರ ಬೀಜವನ್ನು ಆ ಊರಿನವರಿಗೆ ನೀಡಿದರೆಂಬುದು ಐತಿಹ್ಯ. ಉಡುಪಿಯ ಕೃಷ್ಣಮಠದ ಅಡುಗೆಯೊಂದಿಗೆ ಬೆಸೆದ ಈ ನಂಬಿಕೆ, ಬಾಯಿಂದ ಬಾಯಿಗೆ ಹರಡಿದ ಅದರ ಖ್ಯಾತಿ, 2011ರಲ್ಲಿ ದೊರೆತ ಜಿ.ಐ. ಮಾನ್ಯತೆ ಈ ಮೂರೂ ಸೇರಿ ಗುಳ್ಳಕ್ಕೆ ತನ್ನದೇ ಆದ ಬೆಲೆಯನ್ನು ತಂದಿವೆ. ಇಲ್ಲಿ ಕಾನೂನು ಹೆಸರನ್ನು ಸೃಷ್ಟಿಸಲಿಲ್ಲ. ಸಮುದಾಯ ಕಟ್ಟಿಕೊಂಡಿದ್ದ ಹೆಸರಿಗೆ ಬೇಲಿ ಹಾಕಿತು. ಕೊಳ್ಳುವವರು ಹತ್ತಿರದವರು, ಹೆಸರಿನ ಅರ್ಥ ಬಲ್ಲವರು, ಅಸಲಿಗೂ ನಕಲಿಗೂ ಇರುವ ವ್ಯತ್ಯಾಸವನ್ನು ಸಾರಿನ ರುಚಿಯಲ್ಲಿಯೇ ಹೇಳಬಲ್ಲವರು ಎಂಬುದು ಬೇಲಿಗಿಂತ ದೊಡ್ಡ ರಕ್ಷಣೆ.

ಬೇಲಿಯೊಂದೇ ಸಾಲದು ಎಂಬುದಕ್ಕೆ ನಿದರ್ಶನಗಳೂ ಇವೆ. ನಂಜನಗೂಡು ರಸಬಾಳೆಗೆ ಮಾನ್ಯತೆ ಇದ್ದರೂ ಪನಾಮ ಸೊರಗು ರೋಗದಿಂದಾಗಿ ಅದರ ತೋಟಗಳು ಕುಗ್ಗಿದವು. 2008ರಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಭೂಮಿಯ ಬೆಲೆಯ ಮುಂದೆ ಚಕ್ಕೋತದ ಬೆಲೆ ನಿಲ್ಲಲಾರದಾಯಿತು. ಬ್ಯಾಡಗಿಯ ಸ್ಥಿತಿ ಇನ್ನೂ ಜಟಿಲ. ಬ್ಯಾಡಗಿ ಎಂಬುದು ತಳಿಯ ಹೆಸರೂ ಹೌದು, ದೊಡ್ಡ ಮಾರುಕಟ್ಟೆಯ ಹೆಸರೂ ಹೌದು. ಆ ಮಾರುಕಟ್ಟೆಗೆ ಬರುವ ಕಾಯೆಲ್ಲ ಆ ತಳಿಯದಲ್ಲ; ಹೊರ ಜಿಲ್ಲೆ, ಹೊರ ರಾಜ್ಯಗಳ ಸಂಕರ ತಳಿಗಳೂ ಅಲ್ಲಿಗೆ ಬರುತ್ತವೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿತದಿಂದ ಕೆರಳಿದ ರೈತರು ಆ ಮಾರುಕಟ್ಟೆಯ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆ ನಡೆಯಿತು. ಹೆಸರಾಂತ ಮಾರುಕಟ್ಟೆಯೊಂದು ಇದ್ದಮಾತ್ರಕ್ಕೆ ಬೆಳೆಗಾರನ ಬೆಲೆ ಭದ್ರವಾಗುವುದಿಲ್ಲ ಎಂಬುದನ್ನು ಇದು ನೆನಪಿಸುತ್ತದೆ.

ಜಿ.ಐ. ಕಾಯ್ದೆಯ ಇನ್ನೊಂದು ಅಂಶ ಸಣ್ಣ ರೈತರಿಗೆ ಹೆಚ್ಚಾಗಿ ತಿಳಿದಿರುವುದಿಲ್ಲ. ಹೆಸರು ನೋಂದಣಿಯಾದ ಮೇಲೆ ಅದನ್ನು ಬಳಸುವ ಉತ್ಪಾದಕರು ಅಧಿಕೃತ ಬಳಕೆದಾರರಾಗಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಅರ್ಜಿ, ದಾಖಲೆ, ಕಚೇರಿಯ ಭಾಷೆ ಇವು ಅರ್ಧ ಎಕರೆಯ ಬೆಳೆಗಾರನಿಗೆ ಸುಲಭವಲ್ಲ. ಸಂಘಟನೆ ಇಲ್ಲದ ಕಡೆ ಮಾನ್ಯತೆ ಪತ್ರ ಗೋಡೆಯ ಮೇಲೆ ಉಳಿಯುತ್ತದೆ.

6. ಬೀಜದ ಒಡೆತನ

ಹೆಸರಿನ ಪ್ರಶ್ನೆ ಬೀಜದ ಒಡೆತನದ ಪ್ರಶ್ನೆಯೂ ಹೌದು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ರೂಪುಗೊಂಡದ್ದು. ರೈತ ತನ್ನ ಬೆಳೆಯನ್ನೂ ಬೀಜವನ್ನೂ ಉಳಿಸಬಹುದು, ಬಿತ್ತಬಹುದು, ವಿನಿಮಯ ಮಾಡಬಹುದು, ಮಾರಬಹುದು ಎಂದು ಅದರ 39ನೆಯ ಪ್ರಕರಣ ಹೇಳುತ್ತದೆ. ಒಂದೇ ನಿರ್ಬಂಧವೆಂದರೆ, ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನು ಆ ತಳಿಯದೆಂಬ ಚೀಟಿ ಹಚ್ಚಿದ ಪೊಟ್ಟಣದಲ್ಲಿ ಮಾರುವಂತಿಲ್ಲ. ಅಂದರೆ ಕಾನೂನು ಬೀಜವನ್ನು ರೈತನಿಗೆ ಮುಕ್ತವಾಗಿ ಬಿಟ್ಟು ಹೆಸರಿನ ಬಳಿ ಮಾತ್ರ ಗೆರೆ ಎಳೆದಿದೆ. ಮಾರುಕಟ್ಟೆಯ ಮೌಲ್ಯ ಹೆಸರಿನಲ್ಲಿದೆ ಎಂಬುದನ್ನು ಕಾನೂನು ಬರೆದವರೂ ಬಲ್ಲರು. ಇದೇ ಕಾಯ್ದೆ ರೈತರ ತಳಿಗಳನ್ನು ರೈತರ ಹೆಸರಿನಲ್ಲಿಯೇ ನೋಂದಾಯಿಸಲು ಅವಕಾಶ ನೀಡಿದೆ. ದೇಸಿ ತಳಿಯ ಸಮುದಾಯಗಳು ಈ ಅವಕಾಶವನ್ನು ಬಳಸಿಕೊಳ್ಳದಿದ್ದರೆ ಹೆಸರಿನ ಮೇಲೆ ಬೇರೆಯವರು ಹಕ್ಕು ಸಾಧಿಸುವ ಸಾಧ್ಯತೆ ತೆರೆದಿರುತ್ತದೆ.

ಇದು ಕೇವಲ ಊಹೆಯ ಭಯವಲ್ಲ. ಬಿ.ಟಿ. ಬದನೆಯ ವಾಣಿಜ್ಯ ಬಿಡುಗಡೆಗೆ 2010ರ ಫೆಬ್ರವರಿ 9ರಂದು ಕೇಂದ್ರ ಪರಿಸರ ಸಚಿವಾಲಯ ತಡೆ ನೀಡಿತು. ಆ ಪ್ರಯೋಗಗಳಲ್ಲಿ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯದೆ ಬಳಸಲಾಗಿದೆ ಎಂಬ ದೂರು ಅದೇ ವರ್ಷ ದಾಖಲಾಯಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಈ ವಿಷಯದಲ್ಲಿ ಕಾನೂನು ಕ್ರಮ ಕೈಗೊಳ್ಳಲು ತೀರ್ಮಾನಿಸಿತು. ತಲೆಮಾರುಗಳ ಆಯ್ಕೆಯಿಂದ ರೂಪುಗೊಂಡ ತಳಿಯೊಂದು ಅದನ್ನು ಉಳಿಸಿದವರನ್ನು ಕೇಳದೆಯೇ ಪ್ರಯೋಗಾಲಯದ ಕಚ್ಚಾವಸ್ತುವಾಗಬಹುದು ಎಂಬ ಪ್ರಶ್ನೆ ಆಗ ಸಾರ್ವಜನಿಕ ಚರ್ಚೆಗೆ ಬಂತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ತುಮಕೂರು ಜಿಲ್ಲೆಯ ಚೇಳೂರು ಭಾಗದ ಸಿದ್ದು ಹಲಸು. ತಾಮ್ರಗೆಂಪು ತೊಳೆಯ ಈ ಹಲಸಿನ ಮೂಲ ಮರ ಒಂದು ರೈತ ಕುಟುಂಬದ ತೋಟದಲ್ಲಿತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡು, ಮರ ಬೆಳೆಸಿದ ಹಿರಿಯರ ಹೆಸರನ್ನೇ ತಳಿಗೆ ಇಟ್ಟು, ಕಸಿ ಗಿಡಗಳ ಮಾರಾಟದ ಗಳಿಕೆಯಲ್ಲಿ ಶೇಕಡಾ 75ರಷ್ಟು ಪಾಲನ್ನು ಕುಟುಂಬಕ್ಕೆ ನೀಡುವ ವ್ಯವಸ್ಥೆ ಮಾಡಿತು. ಇಲ್ಲಿ ಹಣ್ಣಿನ ಮಾರಾಟಕ್ಕಿಂತ ಗಿಡದ ಮಾರಾಟವೇ ಮುಖ್ಯ ಆದಾಯವಾಯಿತು. ಹೆಸರು, ಒಡೆತನ, ಆದಾಯ ಮೂರೂ ಒಂದೇ ಕಡೆ ಉಳಿದಾಗ ಏನು ಸಾಧ್ಯ ಎಂಬುದನ್ನು ಈ ಒಪ್ಪಂದ ತೋರಿಸುತ್ತದೆ. ಆದರೆ ಒಂದು ಮರದ ಒಡೆತನವನ್ನು ಗುರುತಿಸುವುದು ಸುಲಭ. ಹತ್ತಾರು ಊರುಗಳಲ್ಲಿ ಕೈಯಿಂದ ಕೈಗೆ ಹೋದ ಭತ್ತದ ಬೀಜಕ್ಕೆ ಇಂಥ ಒಪ್ಪಂದವನ್ನು ಸಮುದಾಯದೊಂದಿಗೆ ಮಾಡಬೇಕಾಗುತ್ತದೆ, ಅದಕ್ಕೆ ಸಮುದಾಯ ಮೊದಲು ಸಂಘಟಿತವಾಗಿರಬೇಕಾಗುತ್ತದೆ.

ಇಂಥ ಸಂಘಟನೆಯ ಪ್ರಯತ್ನಗಳು ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರು ಕೇಂದ್ರವಾಗುಳ್ಳ ಸಹಜ ಸಮೃದ್ಧ ಬಳಗ ದೇಸಿ ಭತ್ತ, ಸಿರಿಧಾನ್ಯ, ತರಕಾರಿ ಬೀಜಗಳ ಮೇಳಗಳನ್ನು ನಡೆಸುತ್ತ ರೈತರೇ ಪಾಲುದಾರರಾದ ಕಂಪನಿಯ ಮೂಲಕ ಮಾರಾಟಕ್ಕೂ ಇಳಿದಿದೆ. ಶಿರಸಿ ಭಾಗದ ವನಸ್ತ್ರೀ ಸಂಘಟನೆ ಮಲೆನಾಡಿನ ಹಿತ್ತಿಲ ತೋಟಗಳ ಬೀಜಗಳನ್ನು ಮಹಿಳೆಯರ ಕೈಯಲ್ಲಿಯೇ ಉಳಿಸಿ ಮೇಳದಲ್ಲಿ ಮಾರುವ ಪದ್ಧತಿ ರೂಪಿಸಿದೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಹೊಲದಲ್ಲಿಯೇ ಬೆಳೆಸಿ ಉಳಿಸಿದ್ದಾರೆ. ಈ ಪ್ರಯತ್ನಗಳಲ್ಲೆಲ್ಲ ಸಮಾನವಾದ ಒಂದು ಅಂಶವಿದೆ: ಮಾರುವವನಿಗೆ ತಾನು ಮಾರುತ್ತಿರುವ ತಳಿಯ ಹೆಸರು ಗೊತ್ತಿದೆ, ಕೊಳ್ಳುವವನು ಅದನ್ನು ಕೇಳಿ ತಿಳಿಯಬಹುದು.

7. ಮಾರುಕಟ್ಟೆ ಕೊಳ್ಳಲಾರದ ಹೆಸರುಗಳು

ಹೆಸರು ಅಳಿಯದೆ ಸಾಗಿದರೂ ಎಲ್ಲ ತಳಿಗಳಿಗೂ ಬೆಲೆ ದೊರೆಯುವುದಿಲ್ಲ. ಕಗ್ಗ ಇದಕ್ಕೆ ಉತ್ತಮ ನಿದರ್ಶನ. ಅಘನಾಶಿನಿಯ ಗಜನಿಗಳಲ್ಲಿ ಉಬ್ಬರದೊಂದಿಗೆ ಸಮುದ್ರದ ನೀರು ಒಳಬರುತ್ತದೆ. ಮಳೆಗಾಲ ಉಪ್ಪನ್ನು ತುಸು ತೊಳೆದಾಗ ಕ��್ಗ ಬೆಳೆಯುತ್ತದೆ. ಕೊಯ್ಲಿನ ನಂತರ ಅದೇ ಗದ್ದೆ ಮೀನು, ಸಿಗಡಿಗಳ ನೆಲೆಯಾಗುತ್ತದೆ. ರಸಗೊಬ್ಬರ ಬೇಡದ, ಅಳಿವೆಯ ಜೀವಜಾಲದೊಂದಿಗೆ ಹೊಂದಿಕೊಂಡ ಈ ಭತ್ತದ ಹಿರಿಮೆಯೆಲ್ಲ ಗದ್ದೆಯಲ್ಲಿದೆ. ತಟ್ಟೆಗೆ ಬಂದಾಗ ಅದು ದಪ್ಪ ಕಾಳಿನ ಕೆಂಪಕ್ಕಿ. ಬಲ್ಲವರಿಗೆ ಅದರ ರುಚಿ ಪ್ರಿಯ, ಆದರೆ ಉಪ್ಪು ತಾಳುವ ಗುಣಕ್ಕೆಂದು ನಗರದ ಗ್ರಾಹಕ ಹೆಚ್ಚು ಹಣ ಕೊಡುವುದಿಲ್ಲ. ಆ ಗುಣ ಅವನ ಅನುಭವಕ್ಕೆ ಬರುವುದಿಲ್ಲ. ನೆರೆಗುಳಿ, ಏಡಿಕುಣಿಗಳ ಸ್ಥಿತಿಯೂ ಇದೇ.

ವಿಪರ್ಯಾಸವೆಂದರೆ ಹವಾಮಾನ ಬದಲಾವಣೆಯ ಈ ದಿನಗಳಲ್ಲಿ ಕೃಷಿಗೆ ಹೆಚ್ಚು ಬೇಕಾಗುವ ಗುಣಗಳು ಇವೇ. ಮಾರುಕಟ್ಟೆಯೊಂದನ್ನೇ ನಂಬಿದರೆ ಪರಿಮಳದ ಹತ್ತಾರು ತಳಿಗಳು ಉಳಿದು ಸಹಿಷ್ಣುತೆಯ ತಳಿಗಳು ಕಣ್ಮರೆಯಾಗುವ ಅಪಾಯವಿದೆ. ಉಳಿದವುಗಳಲ್ಲಿಯೂ ಬೇಡಿಕೆ ಹೆಚ್ಚಿದ ಒಂದೆರಡು ತಳಿಗಳನ್ನೇ ಎಲ್ಲರೂ ಬೆಳೆಯತೊಡಗಿದರೆ ವೈವಿಧ್ಯದ ಹೆಸರಿನಲ್ಲಿ ಮತ್ತೊಂದು ಏಕತಳಿ ಪದ್ಧತಿ ನೆಲೆಗೊಳ್ಳುತ್ತದೆ. ಆದ್ದರಿಂದ ನೆಲದ ಗುಣವುಳ್ಳ ತಳಿಗಳ ಬೆಲೆಯನ್ನು ಗ್ರಾಹಕ ತೆರಲಾರ, ಸಮಾಜವೇ ತೆರಬೇಕು. ರೈತ ಸಿರಿ ಯೋಜನೆ ಬೆಳೆಗೆ ನೀಡಿದ ಮಾದರಿಯ ಪ್ರೋತ್ಸಾಹಧನವನ್ನು ತಳಿಗೂ ನೀಡಬಹುದು. ದಕ್ಷಿಣ ಜಿಲ್ಲೆಗಳ ಪಡಿತರಕ್ಕೆ ಬೆಂಬಲ ಬೆಲೆಯಲ್ಲಿ ರಾಗಿಯನ್ನು ಕೊಂಡು ಹಂಚಿದ ಅನುಭವ ರಾಜ್ಯಕ್ಕಿದೆ. ಕುಮಟಾದ ಅಂಗನವಾಡಿ, ಶಾಲೆಗಳ ಬಿಸಿಯೂಟಕ್ಕೆ ಅಲ್ಲಿಯದೇ ಕಗ್ಗದ ಅಕ್ಕಿಯನ್ನು ಕೊಳ್ಳುವುದು ಅದಕ್ಕಿಂತ ಸಣ್ಣ ಕೆಲಸ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ದೇಸಿ ತಳಿಯ ಮಾರಾಟದಲ್ಲಿ ಸಣ್ಣ ರೈತನಿಗೆ ಬೇಕಾದದ್ದು ದೊಡ್ಡ ಮಾರುಕಟ್ಟೆಗಿಂತ ಸಣ್ಣ ಗಿರಣಿ. ಹೋಬಳಿಗೊಂದು ಕಿರು ಗಿರಣಿಯೂ ಹೊಟ್ಟು ಬಿಡಿಸುವ ಯಂತ್ರವೂ ಇದ್ದರೆ ನಾಲ್ಕು ಚೀಲದ ತಳಿಯೂ ತನ್ನ ಹೆಸರನ್ನು ಉಳಿಸಿಕೊಂಡು ಅಕ್ಕಿಯಾಗುತ್ತದೆ. ಎರಡನೆಯದಾಗಿ, ಚೀಲದ ಮೇಲೆ ಸಾವಯವ ಎಂಬುದರ ಜೊತೆಗೆ ತಳಿಯ ಹೆಸರು, ಊರು, ಬೆಳೆದ ವರ್ಷ ಇವು ಇರಬೇಕು. ಮೂರನೆಯದಾಗಿ, ಅಕ್ಕಿ ಮಾರಿದರೂ ಬೀಜ ಸಮುದಾಯದಲ್ಲಿ ಉಳಿಯಬೇಕು. ಒಂದು ಪಾಲು ಬೀಜ ಪಡೆದವನು ಸುಗ್ಗಿಯಲ್ಲಿ ಎರಡು ಪಾಲು ಹಿಂದಿರುಗಿಸುವ ಬೀಜಬ್ಯಾಂಕಿನ ರೂಢಿ ಈ ಕೆಲಸವನ್ನು ಹಣವಿಲ್ಲದೆಯೇ ಮಾಡುತ್ತದೆ. ನಾಲ್ಕನೆಯದಾಗಿ, ಮಾರುಕಟ್ಟೆ ಕೊಳ್ಳದ ತಳಿಗಳಿಗೆ ಸಾರ್ವಜನಿಕ ಖರೀದಿಯ ಆಸರೆ ಬೇಕು.

ಈ ಕಾರ್ಯದಲ್ಲಿ ಕನ್ನಡ ವಿಭಾಗಗಳಿಗೂ ಒಂದು ಪಾಲಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ತಳಿಯ ಹೆಸರು, ಅದರ ಪಾಠಾಂತರಗಳು, ಒಂದೇ ತಳಿಗೆ ಬೇರೆ ಊರುಗಳಲ್ಲಿರುವ ಬೇರೆ ಹೆಸರುಗಳು, ಬೇರೆ ತಳಿಗಳಿಗೆ ಇರುವ ಒಂದೇ ಹೆಸರು ಇವನ್ನು ಗುರುತಿಸಿ ದಾಖಲಿಸುವುದು ಉಪಭಾಷಾ ಅಧ್ಯಯನದಲ್ಲಿ ತರಬೇತಿ ಪಡೆದವರ ಕೆಲಸ. ಒಡೆತನದ ವಿವಾದ ಬಂದಾಗ, ಅಧಿಕೃತ ಬಳಕೆದಾರನ ಅರ್ಜಿ ಬರೆಯುವಾಗ, ರೈತರ ತಳಿ ಎಂದು ನೋಂದಾಯಿಸುವಾಗ ಇಂಥ ದಾಖಲೆ ಪುರಾವೆಯಾಗುತ್ತದೆ. ಪ್ರತಿ ವಿಭಾಗವೂ ತನ್ನ ಸುತ್ತಲಿನ ಒಂದು ತಾಲ್ಲೂಕಿನ ತಳಿನಾಮಗಳನ್ನು ಹೊಲದಲ್ಲಿ ನಿಂತು ಸಂಗ್ರಹಿಸಿದರೆ ಅದು ನಿಘಂಟಿಗೂ ಒದಗುತ್ತದೆ, ನ್ಯಾಯಾಲಯಕ್ಕೂ ಒದಗುತ್ತದೆ. ಆ ಹೆಸರುಗಳನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕಾಗಿದೆ.